ಟೈನ್‌ಮತ್‌ನ ಆ ಕಲ್ಲಿನ ಮನುಷ್ಯ ಯಾರು?

ಇಂಗ್ಲೆಂಡಿನ ನ್ಯೂಕಾಸಲ್‌ನ ನಮ್ಮ ಮನೆಗೆ ಊರಿಂದ ಯಾರೇ ಬಂದರೂ ಒಂದು ಸಂಜೆ ಟೈನ್‌ಮತ್‌ಗೆ ಕರೆದುಕೊಂಡು ಹೋಗುತ್ತೇನೆ. ಮೆಟ್ರೋ ಇಳಿದು ಸ್ವಲ್ಪ ನಡೆದರೆ ಸಮುದ್ರ. ಟೈನ್ ನದಿ ಕಡಲು ಸೇರುವ ಜಾಗದಲ್ಲಿ, ದಿಬ್ಬದ ಮೇಲೆ, ಎತ್ತರದ ಪೀಠದ ಮೇಲೆ ಒಬ್ಬ ಕಲ್ಲಿನ ಮನುಷ್ಯ ನಿಂತಿದ್ದಾನೆ. ಕೆಳಗೆ ನಾಲ್ಕು ಫಿರಂಗಿಗಳು. ಎಲ್ಲರೂ ಕೇಳುವುದು ಒಂದೇ: "ಇವನು ನೆಲ್ಸನ್ ಅಲ್ವಾ?" ನೆಲ್ಸನ್ ಅಂದರೆ ಬ್ರಿಟಿಷ್ ನೌಕಾಪಡೆಯ ಹೆಸರಾಂತ ಅಡ್ಮಿರಲ್, ಹಡಗುಪಡೆಯ ಸೇನಾನಿ. ಅವನಲ್ಲ ಅಂದ ಕೂಡಲೇ ಮುಂದಿನ ಪ್ರಶ್ನೆ: "ಮತ್ತೆ ಯಾರು? ಇಷ್ಟು ದೊಡ್ಡ ಪ್ರತಿಮೆ ನಿಲ್ಲಿಸುವಂಥದ್ದು ಏನು ಮಾಡಿದ?"

ಆ ಗಾಳಿಯಲ್ಲಿ ನಿಂತು ಪೂರ್ತಿ ಉತ್ತರ ಹೇಳೋಕೆ ಆಗೋದಿಲ್ಲ. ಅರ್ಧಕ್ಕೇ ಯಾರಿಗಾದರೂ ಚಳಿಯಾಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅವನ ಹೆಸರು ಕತ್‌ಬರ್ಟ್ ಕಾಲಿಂಗ್‌ವುಡ್. ಇದೇ ನ್ಯೂಕಾಸಲ್‌ನಲ್ಲಿ 1748ರಲ್ಲಿ ಹುಟ್ಟಿದ. ಅಪ್ಪ ವ್ಯಾಪಾರಿ, ಕೈಯಲ್ಲಿ ದುಡ್ಡು ಅಷ್ಟಕ್ಕಷ್ಟೇ. ಹುಡುಗನಿಗೆ ಹನ್ನೆರಡು ತುಂಬಿದಾಗ, 1761ರಲ್ಲಿ, ಸಂಬಂಧಿಯೊಬ್ಬ ಕ್ಯಾಪ್ಟನ್ ಆಗಿದ್ದ ಶಾನನ್ ಎಂಬ ಹಡಗಿಗೆ ಕಳಿಸಿದರು. ಮೊದಲ ದಿನ ಅವನು ಒಂದು ಕಡೆ ಕೂತು ಅಳುತ್ತಿದ್ದನಂತೆ. ಹಡಗಿನ ಲೆಫ್ಟಿನೆಂಟ್ ಒಬ್ಬ ಬಂದು ಸಮಾಧಾನ ಮಾಡಿದ. ಹುಡುಗ ಅವನನ್ನು ತನ್ನ ಪೆಟ್ಟಿಗೆಯ ಹತ್ತಿರ ಕರೆದುಕೊಂಡು ಹೋಗಿ, ಮನೆಯಿಂದ ಕಟ್ಟಿಕೊಟ್ಟಿದ್ದ ಕೇಕಿನಲ್ಲಿ ದೊಡ್ಡದೊಂದು ತುಂಡು ಮುರಿದು ಕೊಟ್ಟ. ಮುಂದೆ ಅವನು ತನ್ನ ಕೈಕೆಳಗಿನ ಹುಡುಗರನ್ನು ನಡೆಸಿಕೊಂಡ ರೀತಿ ನೋಡಿದರೆ, ಆ ದಿನವನ್ನು ಅವನು ಮರೆತಿರಲಿಲ್ಲ ಅಂತಲೇ ನನಗೆ ಅನಿಸುತ್ತದೆ.

ಆಗಿನ ಬ್ರಿಟಿಷ್ ನೌಕಾಪಡೆಯಲ್ಲಿ ಮೇಲೆ ಬರಬೇಕಾದರೆ ಎರಡು ಬೇಕಿತ್ತು. ಒಂದು ಕೆಲಸ ಗೊತ್ತಿರಬೇಕು. ಇನ್ನೊಂದು, ಮೇಲಿನವರ ಪರಿಚಯ ಇರಬೇಕು. ಎರಡನೆಯದು ಕಾಲಿಂಗ್‌ವುಡ್‌ಗೆ ಕಡಿಮೆ. ಹದಿನಾಲ್ಕು ವರ್ಷ ದುಡಿದ ಮೇಲೆ, 1775ರಲ್ಲಿ, ಅಮೆರಿಕದ ಬಂಕರ್ ಹಿಲ್ ಕಾಳಗದ ಹೊತ್ತಿಗೆ ಲೆಫ್ಟಿನೆಂಟ್ ಆದ. ಆಮೇಲೆ ವೆಸ್ಟ್ ಇಂಡೀಸ್‌ನಲ್ಲಿ ನೆಲ್ಸನ್‌ನ ಬೆನ್ನಿಗೇ ಮೆಟ್ಟಿಲು ಹತ್ತಿದ. ನೆಲ್ಸನ್ ಅವನಿಗಿಂತ ಹತ್ತು ವರ್ಷ ಚಿಕ್ಕವನು. ನೆಲ್ಸನ್ ಒಂದು ಹಡಗು ಬಿಟ್ಟು ದೊಡ್ಡದಕ್ಕೆ ಹೋದರೆ, ಬಿಟ್ಟ ಜಾಗಕ್ಕೆ ಕಾಲಿಂಗ್‌ವುಡ್. ಲೋಸ್ಟಾಫ್, ಬ್ಯಾಜರ್, ಹಿಂಚಿನ್‌ಬ್ರೂಕ್, ಮೂರು ಹಡಗುಗಳಲ್ಲೂ ಹೀಗೇ ಆಯಿತು. ಆದರೂ ಇಬ್ಬರ ನಡುವೆ ಹೊಟ್ಟೆಕಿಚ್ಚು ಬರಲಿಲ್ಲ. ಸಾಯುವವರೆಗೂ ಗೆಳೆಯರಾಗಿದ್ದರು.

ಹಿಂಚಿನ್‌ಬ್ರೂಕ್‌ನಲ್ಲಿ ಅವನು ಕ್ಯಾಪ್ಟನ್ ಆದದ್ದು 1780ರಲ್ಲಿ, ನಿಕರಾಗುವಾದ ಸಾನ್ ಹುವಾನ್ ನದಿಯ ಬಾಯಲ್ಲಿ. ಸ್ಪೇನಿನವರ ಕೋಟೆ ಹಿಡಿಯಲು ಹೋದ ದಂಡು ಅದು. ಜ್ವರ ಬಂದು ಜನ ಸಾಲಾಗಿ ಸತ್ತರು. ನನ್ನ 200 ಜನರಲ್ಲಿ 180 ಜನರನ್ನು ಹೂಳಿದೆ ಅಂತ ಮುಂದೆ ಅವನೇ ಬರೆದ. ಕ್ಯಾಪ್ಟನ್ ಅಂತ ಹೆಸರು ಬಂದ ಮೊದಲ ವರ್ಷವೇ ಇದು. ಅವನು ತನ್ನ ಹಡಗುಗಳಲ್ಲಿ ಗಾಳಿ ಬೆಳಕು, ಊಟ, ಒಣಗಿದ ಬಟ್ಟೆ, ಕಾಯಿಲೆಯವರ ಆರೈಕೆ ಅಂತ ಅಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮುಂದೆ ಸಮುದ್ರದ ದೊಡ್ಡ ಕಾಳಗಗಳು. 1794ರ ಜೂನ್ 1ರಂದು ಫ್ರೆಂಚರ ಮೇಲೆ ನಡೆದ ಯುದ್ಧದಲ್ಲಿ ಬಾರ್‌ಫ್ಲರ್ ಹಡಗನ್ನು ನಡೆಸಿದ. ಅದರಲ್ಲಿದ್ದ ಅಡ್ಮಿರಲ್‌ ಕಾಲು ಕಳೆದುಕೊಂಡಾಗಲೂ ಕಾಳಗ ನಿಲ್ಲಿಸಲಿಲ್ಲ. ಆದರೆ ಸೇನಾಪತಿ ಕಳಿಸಿದ ವರದಿಯಲ್ಲಿ ಅವನ ಹೆಸರೇ ಇಲ್ಲ, ಚಿನ್ನದ ಪದಕವೂ ಇಲ್ಲ. ಮೂರು ವರ್ಷ ಆದಮೇಲೆ, 1797ರ ಫೆಬ್ರವರಿ 14ರಂದು, ಕೇಪ್ ಸೇಂಟ್ ವಿನ್ಸೆಂಟ್ ಹತ್ತಿರ ಸ್ಪೇನಿನವರ ಮೇಲೆ ಯುದ್ಧ. ನೆಲ್ಸನ್‌ನ ಹಡಗು ಏಟು ತಿಂದು ನುಜ್ಜಾಗಿತ್ತು. ಕಾಲಿಂಗ್‌ವುಡ್ ತನ್ನ ಎಕ್ಸಲೆಂಟ್ ಹಡಗನ್ನು ನಡುವೆ ತಂದು ನಿಲ್ಲಿಸಿ ಏಟು ತಪ್ಪಿಸಿದ. ಮರುದಿನ ನೆಲ್ಸನ್ ಬರೆದ ಕಾಗದ ಶುರುವಾಗುವುದೇ ಒಂದು ಗಾದೆಯಿಂದ. ನಾವಾದರೆ "ಆಪತ್ತಿಗಾದವನೇ ನೆಂಟ" ಅನ್ನುತ್ತಿದ್ದೆವು. ಈ ಯುದ್ಧಕ್ಕೆ ಪದಕ ಕೊಡಲು ಬಂದಾಗ ಕಾಲಿಂಗ್‌ವುಡ್ ಬೇಡ ಅಂದ. ಹಿಂದಿನದಕ್ಕೂ ಕೊಟ್ಟರೆ ಮಾತ್ರ ಇದನ್ನು ತೆಗೆದುಕೊಳ್ಳುತ್ತೇನೆ ಅಂದ. ಎರಡೂ ಬಂದವು.

ಆದರೆ ನನ್ನ ಮಟ್ಟಿಗೆ ಅವನ ದೊಡ್ಡತನ ಇರುವುದು ಈ ಕಾಳಗಗಳಲ್ಲಿ ಅಲ್ಲ. ಅವನ ಹಡಗಿನಲ್ಲಿ ದಿನ ಹೇಗೆ ಕಳೆಯುತ್ತಿತ್ತು ಅನ್ನೋದರಲ್ಲಿ ಇದೆ.

ಆ ಕಾಲದ ಹಡಗಿನಲ್ಲಿ ತಪ್ಪಿಗೆ ಶಿಕ್ಷೆ ಅಂದರೆ ಬರಿ ಬೆನ್ನಿಗೆ ಚಾಟಿಯೇಟು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅವರ ಕಣ್ಣೆದುರೇ ಹೊಡೆಸುತ್ತಿದ್ದರು. ಹಡಗಿನವರಲ್ಲಿ ಎಷ್ಟೋ ಜನ ಇಷ್ಟಪಟ್ಟು ಬಂದವರಲ್ಲ, ದಾರಿಯಲ್ಲಿ ಹಿಡಿದು ಎಳೆದುಕೊಂಡು ಬಂದವರು. ಚಾಟಿ ಇಲ್ಲದಿದ್ದರೆ ಹಡಗು ನಡೆಯುವುದಿಲ್ಲ ಅನ್ನೋದು ಬಹಳಷ್ಟು ಕ್ಯಾಪ್ಟನ್‌ಗಳ ನಂಬಿಕೆ. ಕಾಲಿಂಗ್‌ವುಡ್ ಚಾಟಿ ಎತ್ತಿಸುವುದು ತೀರಾ ಅಪರೂಪ. ತಪ್ಪು ಮಾಡಿದವನಿಗೆ ಕೆಲಸ ಜಾಸ್ತಿ ಹಾಕುತ್ತಿದ್ದ, ಅವನ ಪಾಲಿನ ರಮ್‌ಗೆ ನೀರು ಬೆರೆಸಿ ಕೊಡಿಸುತ್ತಿದ್ದ, ಜೊತೆಗಾರರ ಪಂಕ್ತಿಯಿಂದ ಎಬ್ಬಿಸಿ ಬೇರೆ ಕೂರಿಸುತ್ತಿದ್ದ. ಹೊಡೆತಕ್ಕಿಂತ ಇದೇ ಅವರಿಗೆ ಕಷ್ಟವಾಗುತ್ತಿತ್ತು.

ಒಂದು ಸಂಗತಿ ನನಗೆ ತುಂಬಾ ಇಷ್ಟ. ಮಿಡ್‌ಶಿಪ್‌ಮನ್ ಅಂದರೆ ಅಧಿಕಾರಿಯಾಗಲು ಕಲಿಯುತ್ತಿರುವ ಹುಡುಗ. ಅಂಥ ಹುಡುಗನೊಬ್ಬ ಬಂದು, ವಯಸ್ಸಾದ ನಾವಿಕನ ಮೇಲೆ ದೂರು ಹೇಳಿದರೆ, ಕಾಲಿಂಗ್‌ವುಡ್ ಎಲ್ಲರೆದುರು "ನಾಳೆ ಶಿಕ್ಷೆ" ಅನ್ನುತ್ತಿದ್ದ. ಆಮೇಲೆ ಹುಡುಗನನ್ನು ಒಳಗೆ ಕರೆದು ಹೇಳುತ್ತಿದ್ದ: ತಪ್ಪು ಬಹುಶಃ ನಿನ್ನದೇ. ನಿನ್ನ ಅಪ್ಪನ ವಯಸ್ಸಿನವನು ನಿನ್ನ ಕಾರಣದಿಂದ ಎಲ್ಲರೆದುರು ಅವಮಾನ ಪಡುವುದು ನಿನಗೂ ಬೇಡ ಅಲ್ವಾ? ನಾಳೆ ನೀನೇ ಬಂದು ಬಿಟ್ಟುಬಿಡಿ ಅಂತ ಕೇಳಿಕೋ. ಮರುದಿನ ಹುಡುಗ ಬಂದು ಕೇಳಿಕೊಳ್ಳುತ್ತಿದ್ದ. ಕಾಲಿಂಗ್‌ವುಡ್ ನಾವಿಕನ ಕಡೆ ತಿರುಗಿ, ಈ ಹುಡುಗ ನಿನಗಾಗಿ ಇಷ್ಟು ಕೇಳಿಕೊಂಡ, ಅದಕ್ಕೇ ಬಿಡುತ್ತಿದ್ದೇನೆ ಅನ್ನುತ್ತಿದ್ದ. ಹುಡುಗನಿಗೆ ಪಾಠ ಆಯಿತು. ನಾವಿಕನ ಮರ್ಯಾದೆ ಉಳಿಯಿತು. ಇಬ್ಬರ ನಡುವೆ ಹಗೆ ಹುಟ್ಟಲಿಲ್ಲ.

ಹೆಸರು ಗೊತ್ತಿಲ್ಲದ ಆಳನ್ನು "ಏಯ್, ಬಾ ಇಲ್ಲಿ" ಅನ್ನೋ ಧಾಟಿಯಲ್ಲಿ ಕೂಗುವುದು ಅವನಿಗೆ ಆಗುತ್ತಿರಲಿಲ್ಲ. ಹೆಸರು ಗೊತ್ತಿಲ್ಲವಾ, "ನಾವಿಕ" ಅಂತ ಕರೆಯಿರಿ ಅಂತ ಅಧಿಕಾರಿಗಳಿಗೆ ಹೇಳುತ್ತಿದ್ದ. 1797ರಲ್ಲಿ ಇಂಗ್ಲೆಂಡಿನ ಹಡಗುಗಳಲ್ಲಿ ದಂಗೆಗಳೆದ್ದಾಗ, ಪುಂಡ ನಾವಿಕರನ್ನು ಏನು ಮಾಡೋದು ಅಂದರೆ ಮೇಲಧಿಕಾರಿ ಲಾರ್ಡ್ ಸೇಂಟ್ ವಿನ್ಸೆಂಟ್ ಹೇಳುತ್ತಿದ್ದದ್ದು ಒಂದೇ ಮಾತು: ಕಾಲಿಂಗ್‌ವುಡ್ ಹತ್ತಿರ ಕಳಿಸಿ.

ಹಾಗಂತ ಅವನ ಹಡಗು ಸಡಿಲ ಅಂದುಕೊಳ್ಳಬೇಡಿ. ಫಿರಂಗಿ ಹೊಡೆಯುವುದರಲ್ಲಿ ಅವನ ಜನ ಇಡೀ ಪಡೆಗೇ ಮುಂದು. ಐದು ನಿಮಿಷದಲ್ಲಿ ಮೂರು ಸಲ ಇಡೀ ಒಂದು ಬದಿಯ ಫಿರಂಗಿಗಳನ್ನು ಹಾರಿಸಬೇಕು, ಅಷ್ಟು ಮಾಡಿದರೆ ಎದುರು ನಿಲ್ಲುವ ಹಡಗೇ ಇಲ್ಲ ಅನ್ನುತ್ತಿದ್ದ. ದಿನಾ ಅಭ್ಯಾಸ ಮಾಡಿಸಿ ಅದನ್ನು ಇನ್ನೂ ಕಡಿಮೆ ಹೊತ್ತಿಗೆ ಇಳಿಸಿದ.

ಆ ಅಭ್ಯಾಸ ಫಲ ಕೊಟ್ಟದ್ದು 1805ರ ಅಕ್ಟೋಬರ್ 21ರಂದು, ಸ್ಪೇನಿನ ಕರಾವಳಿಯ ಟ್ರಾಫಲ್ಗರ್ ಹತ್ತಿರ. ಬ್ರಿಟಿಷರದು 27 ದೊಡ್ಡ ಹಡಗು, ಫ್ರೆಂಚ್ ಮತ್ತು ಸ್ಪೇನಿನವರದು ಸೇರಿ 33. ಎರಡು ಸಾಲಾಗಿ ನುಗ್ಗಿದರು. ಒಂದರ ಮುಂದೆ ನೆಲ್ಸನ್, ಇನ್ನೊಂದರ ಮುಂದೆ ರಾಯಲ್ ಸಾವರಿನ್ ಹಡಗಿನಲ್ಲಿ ಕಾಲಿಂಗ್‌ವುಡ್. ಅದರ ತಳಕ್ಕೆ ಹೊಸದಾಗಿ ತಾಮ್ರದ ಹೊದಿಕೆ ಹಾಕಿಸಿದ್ದರಿಂದ ಅದು ಉಳಿದವುಗಳಿಗಿಂತ ಮುಂದೆ ಓಡಿತು. ಎದುರಾಳಿ ಸಾಲನ್ನು ಮೊದಲು ಸೀಳಿದ್ದು ಅವನೇ. ಜೊತೆಯವರು ಬರುವವರೆಗೆ ಸುಮಾರು ಕಾಲು ಗಂಟೆ ಒಂಟಿಯಾಗಿ ಹೊಡೆದಾಡಿದ. ಈ ಪ್ರತಿಮೆಯ ಕೆಳಗೆ ಇರುವ ನಾಲ್ಕು ಫಿರಂಗಿಗಳು ಅದೇ ಹಡಗಿನವು. ಮುಟ್ಟಿ ನೋಡಿ. ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನೆಲ್ಸನ್ ಅಂದೇ ತೀರಿಕೊಂಡ. ಎಲ್ಲರೂ ಹೇಳುವ ಕಥೆ ಅಲ್ಲಿಗೆ ಮುಗಿಯುತ್ತದೆ. ಕಾಲಿಂಗ್‌ವುಡ್‌ನ ಕೆಲಸ ಅಲ್ಲಿಂದ ಶುರುವಾಯಿತು.

ಅವನ ಹಡಗಿನ ಹಾಯಿಕಂಬಗಳು ಮುರಿದಿದ್ದವು, ಕಾಲಿಗೆ ಗಾಯವಾಗಿತ್ತು. ಯೂರಿಯಲಸ್ ಎಂಬ ಚಿಕ್ಕ ಹಡಗಿಗೆ ಹತ್ತಿ ಇಡೀ ಪಡೆಯ ಹೊಣೆ ಹೊತ್ತ. ಆಗ ಬಿರುಗಾಳಿ ಎದ್ದಿತು. ದಿನಗಟ್ಟಲೆ ನಿಲ್ಲಲಿಲ್ಲ. ಲಂಗರು ಹಾಕಬೇಕು ಅಂತ ನೆಲ್ಸನ್ ಸಾಯುವ ಮುಂಚೆ ಹೇಳಿದ್ದ. ಕಾಲಿಂಗ್‌ವುಡ್ ಕೂಡಲೇ ಹಾಕಿಸಲಿಲ್ಲ ಅಂತ ಇವತ್ತಿಗೂ ದೂರುವವರಿದ್ದಾರೆ. ನನಗೆ ಅದು ನ್ಯಾಯ ಅನಿಸುವುದಿಲ್ಲ. ಎಷ್ಟೋ ಹಡಗುಗಳ ಲಂಗರಿನ ಹಗ್ಗವೇ ಗುಂಡೇಟಿಗೆ ಹರಿದುಹೋಗಿತ್ತು. ಎದುರಾಳಿಗಳಿಂದ ಗೆದ್ದುಕೊಂಡ ಹಡಗುಗಳಲ್ಲಿ ನಾಲ್ಕು ಮಾತ್ರ ಜಿಬ್ರಾಲ್ಟರ್ ಸೇರಿದವು. ಆದರೆ ತನ್ನ ಕಡೆಯ 27ರಲ್ಲಿ ಒಂದನ್ನೂ ಅವನು ಕಳೆದುಕೊಳ್ಳಲಿಲ್ಲ.

ಅದೇ ಗದ್ದಲದಲ್ಲಿ ಇನ್ನೊಂದು ಕೆಲಸ ಮಾಡಿದ. ಗಾಯಗೊಂಡ ಸ್ಪೇನಿನ ಸೈನಿಕರನ್ನು ಅವರದೇ ಕಾಡಿಸ್ ಊರಿಗೆ ಕಳಿಸಿಕೊಟ್ಟ. ಅಲ್ಲಿನ ಗವರ್ನರ್ ಸೊಲಾನಾ, ದಡಕ್ಕೆ ಬಿದ್ದ ಬ್ರಿಟಿಷ್ ನಾವಿಕರನ್ನು ಚೆನ್ನಾಗಿ ನೋಡಿಕೊಂಡ. ಕಾಡಿಸ್ ಜನ ಇದನ್ನು ಮರೆಯಲಿಲ್ಲ. 1808ರಲ್ಲಿ ಸ್ಪೇನ್ ನೆಪೋಲಿಯನ್‌ಗೆ ತಿರುಗಿ ಬಿದ್ದು ಬ್ರಿಟನ್ ಕಡೆ ಬಂದಿತು. ಆಗ ಕಾಲಿಂಗ್‌ವುಡ್ ಕಾಡಿಸ್‌ನಲ್ಲಿ ಇಳಿದರೆ, ಅವನನ್ನು ನೋಡಲು ಊರಿಗೆ ಊರೇ ಬೀದಿಗೆ ಬಂತು.

ಟ್ರಾಫಲ್ಗರ್ ಆದಮೇಲೆ ಅವನಿಗೆ ಲಾರ್ಡ್ ಪದವಿ ಬಂತು, ಮೆಡಿಟರೇನಿಯನ್ ಪಡೆಯ ಹೊಣೆಯೂ ಬಂತು. ಮನೆಗೆ ಹೋಗೋಕೆ ಮಾತ್ರ ಆಗಲಿಲ್ಲ. ಹೆಂಡತಿ ಸಾರಾ, ಇಬ್ಬರು ಹೆಣ್ಣುಮಕ್ಕಳು ಇಂಗ್ಲೆಂಡಿನಲ್ಲಿ. 1803ರಲ್ಲಿ ಮನೆ ಬಿಟ್ಟವನು ಮತ್ತೆ ಅವರನ್ನು ನೋಡಲೇ ಇಲ್ಲ. ಎದುರಾಳಿಯ ಬಂದರಿನ ಬಾಗಿಲು ಕಾಯುತ್ತಾ, ತಿಂಗಳುಗಟ್ಟಲೆ ನೆಲ ಮುಟ್ಟದೆ ಇದ್ದ. ಜೊತೆಗೆ ನೇಪಲ್ಸ್, ಟರ್ಕಿ, ಆಲ್ಜಿಯರ್ಸ್ ಹೀಗೆ ಎಲ್ಲ ಕಡೆಯ ದೊರೆಗಳಿಗೂ ಕಾಗದ ಬರೆಯುವ ಕೆಲಸ. ಸೋಲೂ ಇತ್ತು. 1808ರಲ್ಲಿ ಟೂಲಾನ್‌ನಿಂದ ಹೊರಬಿದ್ದ ಫ್ರೆಂಚ್ ಪಡೆಯನ್ನು ಎಷ್ಟು ಹುಡುಕಿದರೂ ಹಿಡಿಯಲಾಗಲಿಲ್ಲ. ಅದು ಅವನನ್ನು ಬಹಳ ಕಾಡಿತು.

ಆರೋಗ್ಯ ಕೆಟ್ಟು ಅದೇ ವರ್ಷ, ಬಿಡಿಸಿ ಅಂತ ಕೇಳಿಕೊಂಡ. ನಿಮ್ಮ ಜಾಗಕ್ಕೆ ಯಾರೂ ಇಲ್ಲ, ಇರಿ ಅಂತ ಲಂಡನ್‌ನಿಂದ ಉತ್ತರ ಬಂತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಚೆನ್ನಾಗಿ ಕೆಲಸ ಮಾಡುವವನಿಗೆ ಕೊಟ್ಟ ಶಿಕ್ಷೆ ಅದು.

ಮನೆಯನ್ನು ಅವನು ಕಾಗದಗಳಲ್ಲೇ ನಡೆಸಿದ. ಹೆಣ್ಣುಮಕ್ಕಳಿಗೆ ಗಣಿತ, ಖಗೋಳ ಗೊತ್ತಾದರೆ ಎಷ್ಟು ಚೆನ್ನ ಅಂತ ಬರೆದ. ಆ ಕಾಲದಲ್ಲಿ ಹೆಣ್ಣುಮಕ್ಕಳ ಬಗ್ಗೆ ಎಷ್ಟು ಅಪ್ಪಂದಿರು ಹೀಗೆ ಯೋಚಿಸುತ್ತಿದ್ದರು? ಹಡಗಿನಲ್ಲಿ ಜೊತೆಗಿದ್ದದ್ದು ಬೌನ್ಸ್ ಎಂಬ ನಾಯಿ. ತಾನು ಲಾರ್ಡ್ ಆದಮೇಲೆ ಬೌನ್ಸ್‌ಗೆ ಜಂಬ ಬಂದಿದೆ, ಸಾಮಾನ್ಯರ ನಾಯಿಗಳ ಜೊತೆ ಆಡುವುದು ತನ್ನ ಅಂತಸ್ತಿಗೆ ಕಡಿಮೆ ಅಂದುಕೊಂಡಿದೆ ಅಂತ ಮನೆಗೆ ಬರೆದ. 1809ರಲ್ಲಿ ಬೌನ್ಸ್ ಹಡಗಿನಿಂದ ನೀರಿಗೆ ಬಿದ್ದು ಹೋಯಿತು. ಆಮೇಲೆ ಅವನು ಪೂರಾ ಒಂಟಿ.

ಮೈಸೂರಿನಿಂದ ಬಂದ ನೆಂಟರೊಬ್ಬರು ಇದನ್ನೆಲ್ಲ ಕೇಳಿ, "ಇವರ ಹಡಗುಗಳ ಬಲದಿಂದಲೇ ಅಲ್ವಾ ನಮ್ಮನ್ನು ಆಳಿದ್ದು?" ಅಂದರು. ಹೌದು. 1798ರಲ್ಲಿ ನೈಲ್ ನದಿಯ ಬಾಯಲ್ಲಿ ನೆಲ್ಸನ್ ಫ್ರೆಂಚ್ ಹಡಗುಗಳನ್ನು ಮುಗಿಸಿದ. ಅದಾದ ಮೇಲೆ ಟಿಪ್ಪು ಕಾಯುತ್ತಿದ್ದ ಫ್ರೆಂಚರ ನೆರವು ಬರುವ ದಾರಿಯೇ ಮುಚ್ಚಿತು. ಮರುವರ್ಷ ಶ್ರೀರಂಗಪಟ್ಟಣ ಬಿತ್ತು. ಕಾಲಿಂಗ್‌ವುಡ್ ನೈಲ್ ಕಾಳಗದಲ್ಲಿ ಇರಲಿಲ್ಲ, ಕಾಡಿಸ್ ಬಂದರು ಕಾಯಲು ಬಿಟ್ಟಿದ್ದರು. ಆದರೂ ಆ ಪಡೆಯ ದುಡಿಮೆಯಲ್ಲಿ ಅವನ ಪಾಲೂ ಇದೆ. ಅದನ್ನು ಮುಚ್ಚಿಟ್ಟು ಅವನನ್ನು ಹೊಗಳುವುದು ನನಗೆ ಬೇಕಿಲ್ಲ. ಸಾಮ್ರಾಜ್ಯವನ್ನು ನಾನು ಮೆಚ್ಚುವುದಿಲ್ಲ. ಕೈಕೆಳಗಿನವರನ್ನು ಹೆಸರು ಹಿಡಿದು ಕರೆದ ಆ ಮನುಷ್ಯನನ್ನು ಮೆಚ್ಚುತ್ತೇನೆ.

1810ರ ಮಾರ್ಚ್‌ನಲ್ಲಿ ಕೊನೆಗೂ ಅವನನ್ನು ಬಿಟ್ಟರು. ಮಿನೋರ್ಕಾ ದ್ವೀಪದ ಮಾಹೋನ್ ಬಂದರಿನಿಂದ ಹಡಗು 6ರಂದು ಇಂಗ್ಲೆಂಡಿಗೆ ಹೊರಟಿತು. 7ರ ಸಂಜೆ ಹಡಗಿನಲ್ಲೇ ಪ್ರಾಣ ಹೋಯಿತು. ವಯಸ್ಸು 61. ಲಂಡನ್‌ನ ಸೇಂಟ್ ಪಾಲ್ ಚರ್ಚಿನಲ್ಲಿ ನೆಲ್ಸನ್ ಪಕ್ಕದಲ್ಲೇ ಹೂಳಿದರು. ಈ ಪ್ರತಿಮೆ ಎದ್ದದ್ದು 1845ರಲ್ಲಿ.

ಯಾರಿಗಾದರೂ ಇನ್ನೂ ಕುತೂಹಲ ಉಳಿದಿದ್ದರೆ ಮರುದಿನ ಕಾರಿನಲ್ಲಿ ಮಾರ್ಪೆತ್‌ಗೆ ಕರೆದುಕೊಂಡು ಹೋಗುತ್ತೇನೆ. ಅವನ ಮನೆ ಅಲ್ಲಿದೆ. ಊರಲ್ಲಿದ್ದಾಗ ಅವನು ಜೇಬಿನಲ್ಲಿ ಓಕ್ ಬೀಜ ತುಂಬಿಕೊಂಡು ವಾಕಿಂಗ್ ಹೋಗಿ, ಒಳ್ಳೆ ಮಣ್ಣು ಕಂಡಲ್ಲಿ ಊರಿ ಬರುತ್ತಿದ್ದ. ಮುಂದೆ ಹಡಗು ಕಟ್ಟೋಕೆ ಮರ ಬೇಕಲ್ಲ ಅಂತ. ಇನ್ನೂ ಉತ್ತರಕ್ಕೆ, ಹೆಥ್‌ಪೂಲ್‌ನಲ್ಲಿ, ಅವನ ಹೆಸರಿನ ಓಕ್ ತೋಪು ಇವತ್ತಿಗೂ ಇದೆ. ಆ ಮರಗಳು ಬಲಿಯುವ ಹೊತ್ತಿಗೆ ಹಡಗುಗಳನ್ನು ಕಬ್ಬಿಣದಲ್ಲಿ ಕಟ್ಟುತ್ತಿದ್ದರು. ಹಾಗಾಗಿ ಯಾರೂ ಕಡಿಯಲಿಲ್ಲ.

ಮನೆಯ ಮುಂದೆ ನಿಂತಾಗ ಅವನು ಹಡಗಿನಿಂದ ಬರೆದ ಒಂದು ಸಾಲನ್ನು ಹೇಳುತ್ತೇನೆ: "ಮತ್ತೆ ಸುಖವಾಗಿ ಇರುವುದು ಹೇಗೆ ಅಂತ ಯೋಚಿಸಿದಾಗಲೆಲ್ಲ ನನ್ನ ಮನಸ್ಸು ಮಾರ್ಪೆತ್‌ಗೇ ಹೋಗುತ್ತದೆ."