ಹಿಂದೆ ಕೂತ ಡ್ರಮ್ಮರ್ ಬ್ಯಾಂಡ್ ನಡೆಸೋದು ಹೇಗೆ?

ಜಾಝ್ ಮಾತು ಬಂದಾಗಲೆಲ್ಲ ಯಾರಾದರೂ ಇದನ್ನು ಕೇಳಿಯೇ ಕೇಳುತ್ತಾರೆ. ಡ್ರಮ್ಮರ್ ಕೂರೋದು ಎಲ್ಲರ ಹಿಂದೆ, ಟ್ಯೂನ್ ನುಡಿಸೋದು ಬೇರೆಯವರು. ಮತ್ತೆ ಬ್ಯಾಂಡ್‌ಗೆ ಡ್ರಮ್ಮರ್ ಹೆಸರು ಯಾಕೆ?

ಹಿಡಿತ ಇರುವುದು ಅಲ್ಲೇ, ಅದಕ್ಕೆ. ಟ್ರಂಪೆಟ್‌ನವರು ತಮ್ಮ ಸೋಲೋ, ಅಂದರೆ ಒಬ್ಬರೇ ಮುಂದಾಗಿ ನುಡಿಸುವ ಭಾಗ, ಮುಗಿಸಿ ಪಕ್ಕಕ್ಕೆ ಸರಿಯಬಹುದು. ಡ್ರಮ್ಮರ್ ಮಾತ್ರ ಹೆಚ್ಚುಕಡಿಮೆ ಮೊದಲಿಂದ ಕೊನೆವರೆಗೂ ನುಡಿಸುತ್ತಲೇ ಇರಬೇಕು. ಡ್ರಮ್ಸ್ ಸದ್ದು ಏರಿದರೆ ಉಳಿದವರೂ ಏರಿಸಲೇಬೇಕು, ಇಲ್ಲದಿದ್ದರೆ ಅವರು ಕೇಳಿಸುವುದೇ ಇಲ್ಲ.

ಡ್ರಮ್ಮರ್ ಆರ್ಟ್ ಬ್ಲೇಕಿ ನುಡಿಸಿದ್ದನ್ನು ಕೇಳಿ. ಸೋಲೋದ ಒಂದು ಸುತ್ತು ಮುಗಿಯುವ ಹೊತ್ತಿಗೆ ಸ್ನೇರ್ ಅನ್ನುವ ಚಿಕ್ಕ ಡ್ರಮ್ ಮೇಲೆ ಸ್ಟಿಕ್ ಒತ್ತಿ ಹಿಡಿದು ಒಂದು ರೋಲ್ ಎಬ್ಬಿಸುತ್ತಾರೆ. ಪ್ರೆಸ್ ರೋಲ್ ಅಂತಾರೆ ಅದಕ್ಕೆ. ಸದ್ದು ಉಬ್ಬುತ್ತಾ ಹೋಗಿ ಮುಂದಿನ ಸುತ್ತಿನ ಮೊದಲ ಬೀಟ್ ಮೇಲೆ ಒಡೆಯುತ್ತದೆ. ಸೋಲೋ ನುಡಿಸುತ್ತಿರುವ ಹುಡುಗ ಸುಮ್ನೆ ಕಾಲ ಕಳೆಯುವಂತಿಲ್ಲ, ಏನಾದರೂ ಹೇಳಲೇಬೇಕು. ವೇಯ್ನ್ ಶಾರ್ಟರ್, ಲೀ ಮೋರ್ಗನ್, ಫ್ರೆಡಿ ಹಬರ್ಡ್, 1980ರಲ್ಲಿ ಸೇರಿದ ವಿಂಟನ್ ಮಾರ್ಸಾಲಿಸ್, ಎಲ್ಲರೂ ಬ್ಲೇಕಿಯವರ ಬ್ಯಾಂಡ್ ಜಾಝ್ ಮೆಸೆಂಜರ್ಸ್‌ನಲ್ಲಿ ಪಳಗಿದವರೇ. 1990ರಲ್ಲಿ ತೀರಿಕೊಳ್ಳುವವರೆಗೂ ಬ್ಲೇಕಿ ಹೊಸ ಹುಡುಗರನ್ನು ಸೇರಿಸಿಕೊಳ್ಳುತ್ತಲೇ ಇದ್ದರು. ಬ್ಯಾಂಡೇ ಶಾಲೆ!

ಹಾಗಂತ ಬ್ಯಾಂಡ್ ನಡೆಸಲು ಜೋರಾಗಿ ಬಾರಿಸಬೇಕು ಅಂತೇನಿಲ್ಲ. ಚಿಕೋ ಹ್ಯಾಮಿಲ್ಟನ್ 1955ರಲ್ಲಿ ಕಟ್ಟಿದ ಐವರ ತಂಡದಲ್ಲಿ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ವಾದ್ಯ), ಕೊಳಲು, ಗಿಟಾರ್ ಇದ್ದವು. ಡ್ರಮ್ಸ್ ಸ್ವಲ್ಪ ಜಾಸ್ತಿಯಾದರೂ ಚೆಲ್ಲೋ ಮುಳುಗಿಹೋಗುತ್ತದೆ, ಅಲ್ವಾ? ಅವರು ಸ್ಟಿಕ್ ಬದಲು ತಂತಿಯ ಬ್ರಶ್, ಮೆತ್ತನೆ ತಲೆಯ ಮ್ಯಾಲೆಟ್ ಹಿಡಿದು ಮೆತ್ತಗೆ ನುಡಿಸಿದರು. ಆ ತಂಡಕ್ಕೆ ಮೊದಲು ಬೇಕಿದ್ದುದು ಇಂಥ ಡ್ರಮ್ಮರ್. ನನಗಂತೂ ಇದೇ ಹೆಚ್ಚು ಕಷ್ಟದ ಕೆಲಸ ಅನಿಸುತ್ತದೆ. ಹ್ಯಾಮಿಲ್ಟನ್ ಮುಂದೆ ನ್ಯೂಯಾರ್ಕಿನ ನ್ಯೂ ಸ್ಕೂಲ್ ವಿಶ್ವವಿದ್ಯಾಲಯದಲ್ಲಿ ಪಾಠವನ್ನೂ ಹೇಳಿದರು.

ಪಾಠ ಹೇಳೋದು ಅವಕಾಶ ಕಡಿಮೆಯಾದವರ ಕೆಲಸ ಅಂತ ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಡ್ರಮ್ಮರ್ ಮ್ಯಾಕ್ಸ್ ರೋಚ್ ಹೆಸರಿನ ಉತ್ತುಂಗದಲ್ಲಿದ್ದವರು, 1970ರ ದಶಕದಲ್ಲಿ ಆಮ್‌ಹರ್ಸ್ಟ್‌ನ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಬಾಸ್ಟನ್ನಿನ ಸಂಗೀತ ಕಾಲೇಜು ಬರ್ಕ್ಲಿಯಲ್ಲಿ ಕಲಿಸುತ್ತಿದ್ದ ಆಲನ್ ಡಾಸನ್ ಅವರದಂತೂ ಬೇರೆಯೇ ಪಟ್ಟು. ವಿದ್ಯಾರ್ಥಿ ಡ್ರಮ್ಸ್ ನುಡಿಸುತ್ತಲೇ ಹಾಡಿನ ಟ್ಯೂನನ್ನು ಬಾಯಿಬಿಟ್ಟು ಹಾಡಬೇಕಿತ್ತು. ಹಾಡು ಎಲ್ಲಿಗೆ ಬಂತು, ಎಲ್ಲಿ ತಿರುಗುತ್ತದೆ ಅನ್ನುವುದು ತಲೆಯಲ್ಲಿ ಓಡುತ್ತಿದ್ದರೆ ತಾನೇ ಉಳಿದವರನ್ನು ಅಲ್ಲಿಗೆ ಕರೆದೊಯ್ಯಲು ಆಗೋದು? ಅವರ ಶಿಷ್ಯ ಟೋನಿ ವಿಲಿಯಮ್ಸ್ 1963ರಲ್ಲಿ, 17ನೇ ವಯಸ್ಸಿಗೇ, ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ತಂಡ ಸೇರಿದರು. ಇನ್ನೊಬ್ಬ ಶಿಷ್ಯೆ ಟೆರಿ ಲಿನ್ ಕ್ಯಾರಿಂಗ್ಟನ್ ಇಂದು ತಾವೇ ತಂಡ ನಡೆಸುತ್ತಾರೆ, ಬರ್ಕ್ಲಿಯಲ್ಲಿ ಪಾಠವನ್ನೂ ಮಾಡುತ್ತಾರೆ. ಜಾಝ್ ವಾದ್ಯ ಸಂಗೀತದ ಆಲ್ಬಮ್‌ಗೆ 2014ರಲ್ಲಿ ಗ್ರ್ಯಾಮಿ ಗೆದ್ದರು. ಆ ವಿಭಾಗದಲ್ಲಿ ಗೆದ್ದ ಮೊದಲ ಮಹಿಳೆ ಅವರು, ಮತ್ತು ಆಲ್ಬಮ್ ಮೇಲಿದ್ದುದು ಡ್ರಮ್ಮರ್ ಹೆಸರೇ.