ಬೋಧನಾ ತತ್ವದ ಡ್ರಾಫ್ಟ್: ಬಾಟ್ ಕೊನೆಗೂ ವಾದಕ್ಕೆ ನಿಂತ್ಕೊಳ್ತು

ನಾನು ಹೇಗೆ ಕಲಿಸ್ತೀನಿ, ಯಾಕೆ ಹಾಗೆ ಅಂತ ಹೇಳೋ ಬೋಧನಾ ತತ್ವದ ಬರಹವನ್ನ AI ಚಾಟ್‌ಬಾಟ್ ಜೊತೆ ಕೂತು ತಿದ್ತಿದೀನಿ, ಅದರ ಎರಡನೇ ಪ್ಯಾರಾಗೆ ಜೀವ ಬಂದಿದೆ! ಇಡೀ ಡ್ರಾಫ್ಟ್‌ಗಲ್ಲ, ಅದೊಂದಕ್ಕೇ, ಆದ್ರೂ ಖುಷಿ ತಡೆಯೋಕಾಗ್ತಿಲ್ಲ. ಪ್ರಾಂಪ್ಟ್ ಬರೆಯೋದು, ಮಕ್ಕಳ ಹೆಸರು ತೆಗೆದು ಪಾಠದ ಟಿಪ್ಪಣಿ ಅಪ್‌ಲೋಡ್ ಮಾಡೋದು ಎಲ್ಲಾ ನಿಮಗೆ ಗೊತ್ತಿರೋದೇ, ಬಿಡ್ತೀನಿ. ತಲೆ ತಿಂದಿದ್ದು ಒಂದೇ, ಬಾಟ್ ಎಲ್ಲದಕ್ಕೂ ಹೂಂಗುಟ್ಟೋದು.

"ಮಕ್ಕಳು ತಾವೇ ಕಂಡ್ಕೊಂಡು ಕಲೀಬೇಕು" ಅಂದೆ, ಅದ್ಭುತ ಅಂತು. ಹೊಸ ಚಾಟ್ ತೆಗೆದು "ಮೊದ್ಲು ಸೂತ್ರ ಬಾಯಿಪಾಠ, ಅರ್ಥ ಆಮೇಲೆ" ಅಂದೆ, ಅದೂ ತುಂಬಾ ಆಳವಾದ ವಿಚಾರವಂತೆ! ಈ ಬಾಟ್‌ಗಳನ್ನ ಟ್ರೈನ್ ಮಾಡುವಾಗ ಜನ ಮೆಚ್ಚಿದ ಉತ್ತರಕ್ಕೇ ಹೆಚ್ಚು ಅಂಕ, ಹಾಗಾಗಿ ತಲೆಯಾಡಿಸೋ ಚಾಳಿ ಒಳಗೇ ಕೂತಿರುತ್ತೆ. ನೀನೇ ಬರ್ಕೊಡು ಅಂದ್ರಂತೂ ವಿದ್ಯಾರ್ಥಿ ಕೇಂದ್ರಿತ, ಸಮಗ್ರ, ಸೃಜನಶೀಲ, ಮಧ್ಯೆ ವೈಗೋಟ್ಸ್ಕಿ, ಕೊನೇಲಿ ಬ್ಲೂಮ್ ಅಂತ ಶಿಕ್ಷಣ ಚಿಂತಕರ ಹೆಸರು, ಗಣಿತ ಹೇಳ್ಕೊಡೋರಿಗೂ ಸಂಗೀತ ಹೇಳ್ಕೊಡೋರಿಗೂ ಒಂದೇ ಅಳತೆಯ ಅಂಗಿ.

ದಾರಿ ಸಿಕ್ಕಿದ್ದು ಎರಡು ಷರತ್ತಿನಿಂದ. ಬಾಟ್ ಒಂದು ಸಾಲನ್ನೂ ಬರೆಯಂಗಿಲ್ಲ, ಒಂದೊಂದೇ ಪ್ರಶ್ನೆ ಕೇಳ್ಬೇಕು. ಆಮೇಲೆ, ನನ್ನ ಪ್ರತಿ ವಾಕ್ಯಕ್ಕೂ ಅದರ ವಿರುದ್ಧ ನಂಬೋ ಅನುಭವಸ್ಥ ಟೀಚರ್ ಆಗಿ ವಾದ ಮಾಡ್ಬೇಕು, ಹಂಗೆ ವಿರುದ್ಧ ನಿಲ್ಲೋರು ಯಾರೂ ಇರೋಕೆ ಸಾಧ್ಯ ಇಲ್ಲ ಅಂದ್ರೆ ಆ ವಾಕ್ಯ ಡಿಲೀಟ್. "ಪ್ರತಿ ಮಗುವೂ ಮುಖ್ಯ" ಅಲ್ಲೇ ಹೋಯ್ತು, ಮುಖ್ಯ ಅಲ್ಲ ಅಂತ ಯಾರು ಬರೀತಾರೆ ಹೇಳಿ.

"ತಪ್ಪು ಉತ್ತರವೂ ಕಲಿಕೆಯ ಭಾಗ" ಅನ್ನೋ ಸಾಲಿಗೆ ಬಂದಾಗ ಅದು ಕೇಳ್ತು, ಕೊನೇ ಸಲ ತಪ್ಪು ಉತ್ತರ ಬಂದಾಗ ಏನಂದ್ರಿ, ಅದೇ ಮಾತಲ್ಲಿ ಹೇಳಿ ಅಂತ. ಟೈಪ್ ಮಾಡ್ದೆ. 1/2 + 1/3 = 2/5, ಭಿನ್ನರಾಶಿ ಕಲಿಸಿದವರೆಲ್ಲಾ ನೋಡಿರ್ತೀರಿ. ನಾನು ತಪ್ಪು ಅನ್ನಲ್ಲ, 2/5 ಅರ್ಧಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಕೇಳಿ ಸುಮ್ನಾಗ್ತೀನಿ. ಅರ್ಧಕ್ಕೆ ಇನ್ನಷ್ಟು ಸೇರಿಸಿದ್ರೆ ಅರ್ಧಕ್ಕಿಂತ ಕಮ್ಮಿ ಹೆಂಗಾಯ್ತು ಅಂತ ಅವರೇ ತಲೆ ಕೆರ್ಕೋತಾರೆ.

ಬಾಟ್ ಆಡ್ತಿದ್ದ ಎದುರು ಟೀಚರ್ ಬಿಡ್ಲಿಲ್ಲ. ಲಸಾಅ ಹೇಳ್ಕೊಟ್ಟು ಲೆಕ್ಕ ಮಾಡಿಸಿದ್ರೆ ಪೀರಿಯಡ್ ಉಳಿಯುತ್ತೆ ಅಂತು. ಅದಕ್ಕೆ ನನ್ನ ಹತ್ರ ಉತ್ತರ ಇತ್ತು: ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರ ಅಧ್ಯಯನದಲ್ಲಿ ಟೀಚರ್‌ಗಳು ಪ್ರಶ್ನೆ ಕೇಳಿ ಕಾಯ್ತಿದ್ದಿದ್ದು ಸುಮಾರು 1 ಸೆಕೆಂಡ್, ಅದನ್ನ 3 ಸೆಕೆಂಡ್ ಆಸುಪಾಸಿಗೆ ಎಳೆದಾಗ ಮಕ್ಕಳ ಉತ್ತರ ಉದ್ದ ಆಯ್ತು, ಸುಮ್ನೆ ಕೂರೋದು ಕಮ್ಮಿ ಆಯ್ತು. ಆದ್ರೆ ಮುಂದಿನ ಪ್ರಶ್ನೆ ನೇರ ಎದೆಗೇ ಬಂತು. 2/5 ಅರ್ಧಕ್ಕಿಂತ ಕಮ್ಮಿ ಅಂತಾನೇ ಕಾಣದ ಮಗುಗೆ ನಿಮ್ಮ ಮೌನ ಶಿಕ್ಷೆ ಅಲ್ವಾ?

ರಾತ್ರಿಯೆಲ್ಲಾ ಅದೇ ಯೋಚ್ನೆ. ಮೌನ ಕೆಲಸ ಮಾಡೋದು ಕೈಗೆ ಏನಾದ್ರೂ ಕೊಟ್ಟಾಗ. ಒಂದು ಪಟ್ಟಿ ಎಳೆದು ಐದು ಭಾಗ ಮಾಡಿದ್ರೆ ಅರ್ಧ ಎರಡೂವರೆ ಭಾಗದ ಹತ್ರ ಬೀಳುತ್ತೆ, ಎರಡು ಭಾಗ ಅದರ ಈಚೆಗೇ ನಿಲ್ಲುತ್ತೆ, ಯಾರಿಗೂ ಕಾಣುತ್ತೆ. ಈಗ ಸಾಲು ಹೀಗಿದೆ: "ತಪ್ಪು ಉತ್ತರ ಬಂದ ಕೂಡ್ಲೇ ಸರಿ ಉತ್ತರ ಕೊಡಲ್ಲ, ತನ್ನ ಉತ್ತರವನ್ನ ತಾನೇ ಅಳೆಯೋಕೆ ಮಗುಗೆ ಒಂದು ಸಾಧನ ಕೊಡ್ತೀನಿ, ಆಮೇಲೆ ಕಾಯ್ತೀನಿ." ಇದನ್ನ ಒಪ್ಪದವರು ಇದ್ದಾರೆ, ಅದಕ್ಕೇ ಇದು ನನ್ನದು.

ಬಾಟ್ ಕಂಪನಿಯವರ ಮೇಲೆ ಸಿಟ್ಟೂ ಇದೆ. ಅದೇ ವಿಷಯಕ್ಕೆ ಇಂಗ್ಲಿಷ್‌ಗಿಂತ ಕನ್ನಡಕ್ಕೆ ಟೋಕನ್ (ಬಾಟ್ ಪಠ್ಯವನ್ನ ಒಡೆದು ಎಣಿಸೋ ಚೂರುಗಳು) ಜಾಸ್ತಿ ಖರ್ಚಾಗುತ್ತೆ, ವಾದ ಕಾವೇರೋ ಹೊತ್ತಿಗೆ ಲಿಮಿಟ್ ಮುಗಿದಿರುತ್ತೆ. ಚಾಟ್ ಉದ್ದ ಆದ್ರೆ ಷರತ್ತು ಮರೆತು ಮತ್ತೆ ಹೊಗಳಿಕೆ ಶುರು, ಅದಕ್ಕೆ ಷರತ್ತುಗಳನ್ನ ಬೇರೆ ಫೈಲಲ್ಲಿಟ್ಟು ಪ್ರತಿ ಹೊಸ ಚಾಟ್‌ಗೂ ಪೇಸ್ಟ್ ಮಾಡ್ತೀನಿ.

ಮುಂದೆ ತಪ್ಪು ಉತ್ತರಗಳ ಸಂಗ್ರಹ ಮಾಡ್ಬೇಕು ಅಂತಿದೀನಿ. 35 ದೊಡ್ಡದು ಅಂತ 0.35 ಅನ್ನ 0.4ಕ್ಕಿಂತ ದೊಡ್ಡದು ಅನ್ನೋದು, (a+b)² ಅಂದ್ರೆ a²+b² ಅನ್ನೋದು, ಒಂದೊಂದಕ್ಕೂ ಒಂದು ಅಳೆಯೋ ಸಾಧನ. ಬಾಟ್‌ಗೆ ಆ ತಪ್ಪನ್ನ ನಂಬಿರೋ ವಿದ್ಯಾರ್ಥಿ ಪಾತ್ರ ಕೊಟ್ಟು ನೋಡ್ದೆ, ಒಂದು ಸುಳಿವಿಗೇ "ಓಹ್, ಅರ್ಥ ಆಯ್ತು" ಅಂದ್ಬಿಡುತ್ತೆ, ನಿಜವಾದ ಮಗು ಅಷ್ಟು ಬೇಗ ಬಿಟ್ಟುಕೊಡಲ್ಲ. ಅದನ್ನ ಹಠ ಹಿಡಿಯೋ ಹಂಗೆ ಮಾಡೋಕೆ ಯಾರಿಗಾದ್ರೂ ದಾರಿ ಸಿಕ್ಕಿದ್ರೆ ಹೇಳಿ. ಮೌಲ್ಯಮಾಪನದ ಪ್ಯಾರಾ ಇನ್ನೂ ಬಾಕಿ, ಎದುರು ಟೀಚರ್ ಅಂಕಗಳ ವಿಷಯ ಹಿಡ್ಕೊಂಡು ಕೂತಿದ್ದಾರೆ.