ಬೆಳಗಿನ ಜಾವದ ಗುದ್ದಾಟ

ಬೆಳಗಿನ ಜಾವ ನಾಲ್ಕೂವರೆ. ಅರವತ್ತೈದು ದಾಟಿದ ಯಜಮಾನರು ನಿದ್ದೆಯಲ್ಲೇ "ಹಚಾ, ಹಚಾ" ಎಂದು ಕೂಗಿ ಕಾಲು ಜಾಡಿಸುತ್ತಾರೆ. ಪಕ್ಕದಲ್ಲಿ ಮಲಗಿದ ಹೆಂಡತಿಯ ಮೊಣಕಾಲಿಗೆ ಪೆಟ್ಟು. ಯಜಮಾನರ ಕಣ್ಣು ಮುಚ್ಚಿಯೇ ಇದೆ. ಎಬ್ಬಿಸಿದರೆ ತಟ್ಟನೆ ಪೂರ್ತಿ ಎಚ್ಚರವಾಗಿ, ನಾಯಿ ಅಟ್ಟಿಸಿಕೊಂಡು ಬಂತು, ಒದ್ದೆ ಅನ್ನುತ್ತಾರೆ. ಮನೆಯವರು ಕಾಫಿ ಹೊತ್ತಿಗೆ ನಕ್ಕು ಸುಮ್ಮನಾಗುತ್ತಾರೆ. ಕೆಟ್ಟ ಕನಸಿಗೆ ದಿಂಬಿನಡಿ ಚಾಕು ಇಡಿ ಎನ್ನುವ ಹಿರಿಯರೂ ಇರುತ್ತಾರೆ. ಈ ತೊಂದರೆ ಇರುವವರ ಕೈಗೆ ಸಿಗುವ ಹಾಗೆ ಇಡಬಾರದ ವಸ್ತು ಅಂದರೆ ಅದೇ.

ಇದಕ್ಕೆ ರೆಮ್ ನಿದ್ರಾ ವರ್ತನೆಯ ತೊಂದರೆ, ಚಿಕ್ಕದಾಗಿ ಆರ್‌ಬಿಡಿ ಎನ್ನುತ್ತಾರೆ. ಗಾಢ ಕನಸುಗಳು ಬೀಳುವ ರೆಮ್ ನಿದ್ದೆಯಲ್ಲಿ ಮಿದುಳುಕಾಂಡದ ಒಂದು ಪುಟ್ಟ ಭಾಗ ಕೈಕಾಲಿನ ಸ್ನಾಯುಗಳನ್ನು ಸಡಿಲಗೊಳಿಸಿ ಕಟ್ಟಿಹಾಕಿರುತ್ತದೆ. ಕನಸಿನಲ್ಲಿ ಓಡಿದರೂ ಹಾಸಿಗೆಯಲ್ಲಿ ಕಾಲು ಅಲುಗದಿರುವುದು ಅದರಿಂದಲೇ. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಶೆಲ್ ಜೂವೆ 1960ರ ದಶಕದಲ್ಲಿ ಬೆಕ್ಕುಗಳ ಮಿದುಳಿನ ಈ ಜಾಗಕ್ಕೆ ಗಾಯ ಮಾಡಿ ನೋಡಿದರು. ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗಿದವು. ಮನುಷ್ಯರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು 1986ರಲ್ಲಿ ವಿವರಿಸಿದವರು ಅಮೆರಿಕದ ಮಿನೆಸೋಟದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಅವರ ಸಂಗಡಿಗರು.

ಬರೀ ಒದೆತದ ಮಾತಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಕಂಪವಾತದಲ್ಲಿ, ಅಂದರೆ ಪಾರ್ಕಿನ್ಸನ್ಸ್‌ನಲ್ಲಿ, ನರಕೋಶದೊಳಗೆ ಗಂಟುಗಟ್ಟುವ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು, ಕೈ ನಡುಗುವ ಎಷ್ಟೋ ವರ್ಷ ಮೊದಲೇ ಮಿದುಳುಕಾಂಡದ ಇದೇ ಜಾಗದಲ್ಲಿ ಶೇಖರವಾಗತೊಡಗುತ್ತದೆ. ಪ್ರಯೋಗಾಲಯದಲ್ಲಿ ಆರ್‌ಬಿಡಿ ಖಚಿತವಾದ 1280 ಮಂದಿಯನ್ನು 24 ಕೇಂದ್ರಗಳಲ್ಲಿ ಹಿಂಬಾಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 6 ಪ್ರತಿಶತ ಜನ ಪಾರ್ಕಿನ್ಸನ್ಸ್, ಅದೇ ಪ್ರೋಟೀನಿನ ಗಂಟಿನಿಂದ ಬುದ್ಧಿ ಮಂಕಾಗುವ ಲೂಯಿ ಬಾಡಿ ಡಿಮೆನ್ಷಿಯಾ ಅಥವಾ ಮಿದುಳಿನ ಹಲವು ಭಾಗಗಳು ಸವೆಯುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿಯ ಕಡೆಗೆ ಜಾರುತ್ತಾರೆ. 12 ವರ್ಷ ತುಂಬುವಾಗ ನಾಲ್ವರಲ್ಲಿ ಸುಮಾರು ಮೂವರು. ಹಾಗೆಂದು ಕನವರಿಸುವವರೆಲ್ಲ ಹೆದರಬೇಕಿಲ್ಲ. ಬರೀ ಬಾಯಿಮಾತಿನ ಕನವರಿಕೆ ಬೇರೆ, ಇದು ಬೇರೆ.

ಬೇರೆ ಎಂದು ತಿಳಿಯುವುದಕ್ಕೆ ಮೊದಲ ಸಾಕ್ಷಿ ಗಡಿಯಾರ. ರೆಮ್ ನಿದ್ದೆ ರಾತ್ರಿಯ ಉತ್ತರಾರ್ಧದಲ್ಲಿ ಹೆಚ್ಚು, ಹಾಗಾಗಿ ಆರ್‌ಬಿಡಿ ಬೆಳಗಿನ ಜಾವದ ಕಾಟ. ಮಲಗಿದ ಒಂದೆರಡು ಗಂಟೆಯೊಳಗೆ ಕಣ್ಣು ಬಿಟ್ಟುಕೊಂಡು ಎದ್ದು ಓಡಾಡಿ, ಎಬ್ಬಿಸಿದರೆ ತಬ್ಬಿಬ್ಬಾಗುವುದು ಸಾಮಾನ್ಯವಾಗಿ ನಿದ್ದೆನಡಿಗೆ. ಪ್ರತಿಸಲವೂ ಒಂದೇ ರೀತಿಯ ಚಲನೆ ಮರುಕಳಿಸಿದರೆ ಮೂರ್ಛೆರೋಗದ ಅನುಮಾನ ಬರಬೇಕು. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾ ಜೋರಾಗಿದ್ದರೂ ಥೇಟ್ ಹೀಗೇ ಒದ್ದಾಡುತ್ತಾರೆ. ಮುಖವಾಡದ ಮೂಲಕ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಹಾಕಿದರೆ ಆ ಒದ್ದಾಟ ನಿಲ್ಲುತ್ತದೆ. ಖಿನ್ನತೆಯ ಮಾತ್ರೆಗಳಲ್ಲಿ ಕೆಲವು, ಮುಖ್ಯವಾಗಿ ಫ್ಲೂಆಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಥರದವು, ಇದನ್ನು ಎಬ್ಬಿಸಬಲ್ಲವು. ಮಾತ್ರೆ ಶುರುವಾದ ತಿಂಗಳೂ ಒದೆತ ಶುರುವಾದ ತಿಂಗಳೂ ಒಂದೇ ಆಗಿದ್ದರೆ ವೈದ್ಯರಿಗೆ ಹೇಳಿ, ನೀವಾಗಿ ನಿಲ್ಲಿಸಬೇಡಿ.

ವೈದ್ಯರ ಮುಂದೆ ಹತ್ತು ಮಾತಿಗಿಂತ ಮೊಬೈಲಿನ ಒಂದು ನಿಮಿಷದ ವಿಡಿಯೋ ವಾಸಿ. ಪಕ್ಕದಲ್ಲಿ ಮಲಗುವವರು ಜೊತೆಗೆ ಹೋಗಲೇಬೇಕು, ಏಕೆಂದರೆ ಒದ್ದವರಿಗೆ ಎಷ್ಟೋ ಸಲ ಏನೂ ಗೊತ್ತಿರುವುದಿಲ್ಲ. ಖಚಿತಪಡಿಸುವುದು ವಿಡಿಯೋ ಸಹಿತ ಪಾಲಿಸೋಮ್ನೋಗ್ರಫಿ: ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಿಸಿ, ತಲೆಗೆ, ಕಣ್ಣಿನ ಬಳಿ, ಗದ್ದಕ್ಕೆ, ಕಾಲಿಗೆ ತಂತಿ ಅಂಟಿಸುತ್ತಾರೆ. ಕೈಗೂ ಹಾಕಿ ಎಂದು ಮೊದಲೇ ಕೇಳಿ. ಜನ ಎಡವುವುದು ಇಲ್ಲೇ. ಮನೆಗೇ ತಂದುಕೊಡುವ ಸಾದಾ ಪರೀಕ್ಷೆ ಉಸಿರು, ಆಮ್ಲಜನಕ ಇಷ್ಟನ್ನೇ ಅಳೆಯುತ್ತದೆ, ಸ್ನಾಯುವನ್ನಲ್ಲ. ಅದರಲ್ಲಿ "ನಾರ್ಮಲ್" ಎಂದು ಬಂದರೆ ಆರ್‌ಬಿಡಿ ಇಲ್ಲ ಎಂದರ್ಥವಲ್ಲ.

ಚಿಕಿತ್ಸೆ ಮಂಚದಿಂದ ಶುರು. ತಗ್ಗಿನ ಮಂಚ, ಪಕ್ಕದ ನೆಲಕ್ಕೆ ದಪ್ಪ ಹಾಸಿಗೆ, ತಲೆದೆಸೆಯ ಮೇಜು, ಗಾಜಿನ ಲೋಟ ಆಚೆಗೆ. ಕಿಟಕಿಗೆ ತಾಗಿ ಮಲಗಿಸಬೇಡಿ. ಹೆಂಡತಿಗೆ ಸದ್ಯಕ್ಕೆ ಬೇರೆ ಮಂಚ, ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಔಷಧಿಯಲ್ಲಿ ಮೆಲಟೋನಿನ್ 3 ಮಿಲಿಗ್ರಾಂನಿಂದ ಶುರುಮಾಡಿ ನಿಧಾನಕ್ಕೆ ಏರಿಸುವುದು ರೂಢಿ. ಕ್ಲೊನಾಜೆಪಾಮ್ 0.25ರಿಂದ 0.5 ಮಿಲಿಗ್ರಾಂ ಕೂಡ ಕೆಲಸ ಮಾಡುತ್ತದೆ, ಆದರೆ ವಯಸ್ಸಾದವರನ್ನು ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳಿಸುತ್ತದೆ, ಮರೆವು ಹೆಚ್ಚಿಸುತ್ತದೆ, ಅಪ್ನಿಯಾ ಇದ್ದರೆ ಉಸಿರಿಗೆ ಕುತ್ತು. ಎರಡೂ ಒದೆತ ಕಡಿಮೆ ಮಾಡುತ್ತವೆ, ಒಳಗಿನ ಕಾಯಿಲೆಯನ್ನಲ್ಲ. ಮುಂದೊಂದು ದಿನ ಇಲ್ಲದ ಮಕ್ಕಳೋ ಬೆಕ್ಕೋ ಕಾಣತೊಡಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, ಆರ್‌ಬಿಡಿ ಇದೆಯೆಂದು ಅಲ್ಲಿ ಮೊದಲೇ ತಿಳಿಸಿ. ಅಂಥ ಭ್ರಮೆ ಲೂಯಿ ಬಾಡಿ ಕಾಯಿಲೆಯದಾಗಿರಬಹುದು, ಆ ಕಾಯಿಲೆಯವರಿಗೆ ಭ್ರಮೆ ತಗ್ಗಿಸುವ ಹಾಲೊಪೆರಿಡಾಲ್ ಕೊಟ್ಟರೆ ಮೈ ಸೆಟೆದು ಪ್ರಾಣಕ್ಕೇ ಬರಬಹುದು.

ಒಳಗಿನ ಆ ಕಾಯಿಲೆಯ ಸುಳಿವುಗಳಾಗಿ ಮನೆಯಲ್ಲೇ ಗಮನಿಸಬಹುದಾದವು ಕೆಲವಿವೆ: ಇಂಗಿನ ಒಗ್ಗರಣೆಯ ವಾಸನೆ ಹತ್ತದಿರುವುದು, ಹಳೆಯ ಮಲಬದ್ಧತೆ, ನಡೆಯುವಾಗ ಒಂದೇ ಕೈ ಬೀಸುವುದು, ಚಿಕ್ಕದಾಗುತ್ತ ಹೋಗುವ ಸಹಿ. ಬಿಪಿ ಯಂತ್ರವಿದ್ದರೆ ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬರೆದಿಟ್ಟುಕೊಂಡು ನರರೋಗ ತಜ್ಞರಿಗೆ ತೋರಿಸಿ.